ಹತ್ತು ಸೆಂಟಿನ ಅಮೆರಿಕ



ಹಳೆಯ ಕಾಲದ ಬೆಲೆಗಳ ಪಟ್ಟಿಗೆ ವಿಚಿತ್ರವಾದೊಂದು ಆಕರ್ಷಣೆಯಿದೆ. ಹಬ್ಬದ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಹಿರಿಯರೊಬ್ಬರು "ನಮ್ಮ ಕಾಲದಲ್ಲಿ ಅಕ್ಕಿ ಸೇರಿಗೆ ಇಷ್ಟಿತ್ತು, ಚಿನ್ನ ತೊಲಕ್ಕೆ ಇಷ್ಟಿತ್ತು" ಎಂದು ಆರಂಭಿಸಿದರೆ ಮನೆಮಂದಿಯೆಲ್ಲ ಕಿವಿಗೊಡುತ್ತಾರೆ. ಈ ಹಂಬಲ ನಮ್ಮವರಿಗೆ ಮಾತ್ರ ಮೀಸಲಾದುದಲ್ಲ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಅಂತಹುದೇ ಒಂದು ಪಟ್ಟಿಯನ್ನು ಕಳುಹಿಸಿದ್ದ. 1955ನೆಯ ಇಸವಿಯಲ್ಲಿ ಆ ದೇಶದಲ್ಲಿ ಬ್ರೆಡ್ಡಿಗೆ ಎಷ್ಟು, ಪೆಟ್ರೋಲಿಗೆ ಎಷ್ಟು, ಅಂಚೆಚೀಟಿಗೆ ಎಷ್ಟು ಎಂಬುದರ ಪಟ್ಟಿ ಅದು. ಕೊನೆಯಲ್ಲಿ ಅವನದೇ ಒಂದು ಸಾಲು: "ಎಂಥ ಸುವರ್ಣಯುಗ ಅಲ್ಲವೇ ಸಾರ್!"

ಈ ಲೇಖನ ಆ ಒಂದು ಸಾಲಿಗೆ ನಾನು ಬರೆದ ಉತ್ತರ. ಮೇಷ್ಟರ ಉತ್ತರವಾದ್ದರಿಂದ ಸ್ವಲ್ಪ ಉದ್ದವಾಗಿದೆ.

ನಾವು ತರಗತಿಯಲ್ಲಿ ಪಾಠ ಮಾಡಿದ ಐವತ್ತರ ದಶಕದ ಅಮೆರಿಕವೆಂದರೆ ಶೀತಲ ಸಮರ, ನ್ಯಾಟೋ, ಸಿಯಾಟೋ, ಅಧ್ಯಕ್ಷ ಐಸೆನ್‌ಹೋವರ್, ವಿದೇಶಾಂಗ ಕಾರ್ಯದರ್ಶಿ ಡಲ್ಲೆಸ್. ಇವಿಷ್ಟು ಗೊತ್ತಿದ್ದರೆ ಐದು ಅಂಕಗಳ ಪ್ರಶ್ನೆಗೆ ಉತ್ತರ ಸಿದ್ಧ. ಅಲ್ಲಿಯ ಸಾಮಾನ್ಯರು ಏನು ತಿಂದರು, ಎಷ್ಟು ದುಡಿದರು, ಯಾವ ಹಾಡನ್ನು ಗುನುಗಿದರು, ಬಸ್ಸಿನಲ್ಲಿ ಎಲ್ಲಿ ಕುಳಿತರು ಎಂಬುದಕ್ಕೆ ಪಠ್ಯಕ್ರಮದಲ್ಲಿ ಅಂಕಗಳಿರಲಿಲ್ಲ. ಇತಿಹಾಸದ ತಿರುಳು ಬಹಳ ಸಲ ಅಲ್ಲಿಯೇ ಅಡಗಿರುತ್ತದೆ. 1955ರಲ್ಲಿ ನಾನಿನ್ನೂ ಹುಟ್ಟಿಯೇ ಇರಲಿಲ್ಲ. ಆದ್ದರಿಂದ ಇದು ನೆನಪಿನ ಬರಹವಲ್ಲ, ಓದಿ ತಿಳಿದುದರ ಬರಹ. ಆ ವರ್ಷವನ್ನು ಒಂದೇ ಒಂದು ನಾಣ್ಯದ ಮೂಲಕ ನಿಮಗೆ ತೋರಿಸಬೇಕೆಂದಿದ್ದೇನೆ.

ನಾಣ್ಯದ ಪರಿಚಯ

ಅಮೆರಿಕದ ಹತ್ತು ಸೆಂಟಿನ ನಾಣ್ಯಕ್ಕೆ 'ಡೈಮ್' ಎಂದು ಹೆಸರು. ಹತ್ತು ಡೈಮ್ ಕೂಡಿದರೆ ಒಂದು ಡಾಲರ್. ಆಕಾರದಲ್ಲಿ ಅದು ಒಂದು ಸೆಂಟಿನ ನಾಣ್ಯಕ್ಕಿಂತಲೂ ಚಿಕ್ಕದು. ಆದರೆ ಅಂದಿನ ಡೈಮ್‌ನಲ್ಲಿ ನೂರಕ್ಕೆ ತೊಂಬತ್ತು ಭಾಗ ಬೆಳ್ಳಿಯಿತ್ತು. 1946ರಲ್ಲಿ ಅದರ ಒಂದು ಮುಖದಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟರ ಚಿತ್ರ ಬಂದಿತು. ಬೇರೆ ನಾಣ್ಯಗಳನ್ನೆಲ್ಲ ಬಿಟ್ಟು ಇದರ ಮೇಲೆಯೇ ಅವರ ಚಿತ್ರ ಏಕೆ ಬಂದಿತು ಎಂಬುದಕ್ಕೆ ಒಂದು ಕಾರಣವಿದೆ. ಅದನ್ನು ಮುಂದೆ ಹೇಳುತ್ತೇನೆ.

ಆಗ ಒಂದು ಡಾಲರಿಗೆ ನಮ್ಮ 4 ರೂಪಾಯಿ 76 ಪೈಸೆ. ನಮ್ಮಲ್ಲಿ ನಯಾಪೈಸೆ ಬಂದುದು 1957ರ ಏಪ್ರಿಲ್‌ನಲ್ಲಾದ್ದರಿಂದ ಅಂದಿನ ಭಾಷೆಯಲ್ಲಿ ಹೇಳುವುದಾದರೆ ಒಂದು ಡಾಲರಿಗೆ ನಾಲ್ಕು ರೂಪಾಯಿ ಹನ್ನೆರಡು ಆಣೆ. ಒಂದು ಡೈಮ್‌ಗೆ ಸುಮಾರು ಏಳೂವರೆ ಆಣೆ.

ಒಂದು ಡೈಮ್‌ಗೆ ಏನು ಬರುತ್ತಿತ್ತು?

ಹಳೆಯ ಅಳತೆಯ ಚಿಕ್ಕ ಬಾಟಲಿಯ ಕೋಕಾಕೋಲಾ ಐದು ಸೆಂಟಿಗೆ ಇನ್ನೂ ಹಲವು ಕಡೆ ದೊರೆಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೂ ಬದಲಾಗದೆ ಬಂದಿದ್ದ ಬೆಲೆ ಅದು. ಆ ದಶಕದ ಅಂತ್ಯಕ್ಕೆ ಅದೂ ಹೋಯಿತು. ಹಾಗಾಗಿ ಒಂದು ಡೈಮ್‌ಗೆ ಎರಡು ಬಾಟಲಿ. ಮಕ್ಕಳ ಚಿತ್ರಕಥೆಯ ಪುಸ್ತಕಕ್ಕೆ ಒಂದು ಡೈಮ್. ಅನೇಕ ನಗರಗಳಲ್ಲಿ ಸಾರ್ವಜನಿಕ ದೂರವಾಣಿಯಿಂದ ಊರೊಳಗೆ ಒಂದು ಕರೆ ಮಾಡಲು ಒಂದು ಡೈಮ್. ಕಾಗದಕ್ಕೆ ಅಂಟಿಸುವ ಅಂಚೆಚೀಟಿಗೆ ಮೂರು ಸೆಂಟ್. ಒಂದು ಡೈಮ್ ಕೊಟ್ಟರೆ ಮೂರು ಕಾಗದ ಹಾಕಿ ಒಂದು ಸೆಂಟ್ ಉಳಿಯುತ್ತಿತ್ತು.

1955ರ ಏಪ್ರಿಲ್ 15ರಂದು ಇಲಿನಾಯ್ ರಾಜ್ಯದ ಡೆಸ್‌ಪ್ಲೇನ್ಸ್ ಎಂಬ ಊರಿನಲ್ಲಿ ರೇ ಕ್ರಾಕ್ ಎಂಬ ವ್ಯಾಪಾರಿ ತನ್ನ ಮೊದಲನೆಯ ಮೆಕ್‌ಡೊನಾಲ್ಡ್ಸ್ ಉಪಾಹಾರ ಗೃಹವನ್ನು ತೆರೆದನು. ಕ್ಯಾಲಿಫೋರ್ನಿಯಾದಲ್ಲಿ ಮೆಕ್‌ಡೊನಾಲ್ಡ್ ಸಹೋದರರು ನಡೆಸುತ್ತಿದ್ದ ಹೋಟೆಲಿನ ಪದ್ಧತಿಯನ್ನೇ ಅವನು ಊರೂರಿಗೆ ಹಂಚಲು ಹೊರಟಿದ್ದನು. ಅಲ್ಲಿ ಒಂದು ಹ್ಯಾಂಬರ್ಗರಿಗೆ 15 ಸೆಂಟ್, ಹುರಿದ ಆಲೂಗಡ್ಡೆಗೆ ಒಂದು ಡೈಮ್. ಅದೇ ವರ್ಷ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ದೊಡ್ಡವರಿಗೆ ಪ್ರವೇಶ ಒಂದು ಡಾಲರ್, ಮಕ್ಕಳಿಗೆ ಐದು ಡೈಮ್. ಒಳಗಿನ ಆಟಗಳಿಗೆ ಬೇರೆ ಟಿಕೆಟ್ಟು. ಆ ಉದ್ಘಾಟನೆಯನ್ನು ದೂರದರ್ಶನದಲ್ಲಿ ನೇರವಾಗಿ ಬಿತ್ತರಿಸಿದವರಲ್ಲಿ ಒಬ್ಬ ರೊನಾಲ್ಡ್ ರೇಗನ್ ಎಂಬ ಚಿತ್ರನಟ. ಆತ 1981ರಲ್ಲಿ ಅಮೆರಿಕದ ಅಧ್ಯಕ್ಷನಾದುದು ನಿಮಗೆಲ್ಲ ಗೊತ್ತು.

ಇನ್ನು ಮನೆಯ ಸಾಮಾನು: ಒಂದು ಪೌಂಡ್ ಬ್ರೆಡ್ಡಿಗೆ ಸುಮಾರು 18 ಸೆಂಟ್, ಒಂದು ಡಜನ್ ಮೊಟ್ಟೆಗೆ ಸುಮಾರು 60 ಸೆಂಟ್, ಒಂದು ಪೌಂಡ್ ಕಾಫಿಪುಡಿಗೆ 93 ಸೆಂಟಿನಷ್ಟು, ಒಂದು ಗ್ಯಾಲನ್ ಪೆಟ್ರೋಲಿಗೆ ಸುಮಾರು 29 ಸೆಂಟ್. ಅಮೆರಿಕದ ಗ್ಯಾಲನ್ ಎಂದರೆ ನಮ್ಮ ಮೂರು ಮುಕ್ಕಾಲು ಲೀಟರಿಗೆ ತುಸು ಹೆಚ್ಚು.

ಪಟ್ಟಿ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಓದಿದವರು ನಿಟ್ಟುಸಿರು ಬಿಡುತ್ತಾರೆ. ಇತಿಹಾಸದ ವಿದ್ಯಾರ್ಥಿ ಇಲ್ಲಿಂದ ಆರಂಭಿಸಬೇಕು.

ಕೂಲಿಯಿಲ್ಲದೆ ಬೆಲೆಯಿಲ್ಲ

ಸಂಬಳವನ್ನು ಹೇಳದೆ ಬೆಲೆಯನ್ನಷ್ಟೇ ಹೇಳುವುದು ತಕ್ಕಡಿಯ ಒಂದು ತಟ್ಟೆಯನ್ನು ಮಾತ್ರ ತೋರಿಸಿದಂತೆ. 1955ರಲ್ಲಿ ಅಮೆರಿಕದ ನಡುಮಟ್ಟದ ಕುಟುಂಬವೊಂದರ ವಾರ್ಷಿಕ ಆದಾಯ ಸುಮಾರು 4,400 ಡಾಲರ್. ಸರಕಾರಿ ಶಾಲೆಯ ಉಪಾಧ್ಯಾಯರಿಗೆ ವರ್ಷಕ್ಕೆ ಸರಾಸರಿ ಸುಮಾರು 4,000 ಡಾಲರ್. ಕಾನೂನಿನಂತೆ ಕನಿಷ್ಠ ಕೂಲಿ ಗಂಟೆಗೆ 75 ಸೆಂಟ್. ಅದು 1956ರ ಮಾರ್ಚ್ 1ರಿಂದ ಒಂದು ಡಾಲರ್ ಆಯಿತು.

ಅಂದಿನಿಂದ 2024ರವರೆಗೆ ಅಲ್ಲಿಯ ಬೆಲೆಗಳು ಒಟ್ಟಾರೆ ಸುಮಾರು ಹನ್ನೆರಡು ಪಟ್ಟಿನಷ್ಟು ಏರಿದವು. ಆ ಲೆಕ್ಕದಲ್ಲಿ ಗುಣಿಸಿ ನೋಡಿ. 29 ಸೆಂಟಿನ ಪೆಟ್ರೋಲು ಮೂರೂವರೆ ಡಾಲರಿನ ಹತ್ತಿರ ಬರುತ್ತದೆ. ಅಂದರೆ ಸುವರ್ಣಯುಗದ ಪೆಟ್ರೋಲು 2024ರಲ್ಲಿ ಅಲ್ಲಿ ಮಾರುತ್ತಿದ್ದ ಪೆಟ್ರೋಲಿಗಿಂತ ಅಗ್ಗವೇನೂ ಆಗಿರಲಿಲ್ಲ. 60 ಸೆಂಟಿನ ಮೊಟ್ಟೆ ಏಳು ಡಾಲರಾಗುತ್ತದೆ. 93 ಸೆಂಟಿನ ಕಾಫಿ ಹನ್ನೊಂದು ಡಾಲರಿನಷ್ಟಾಗುತ್ತದೆ. 1954ರಲ್ಲಿ ಮಾರುಕಟ್ಟೆಗೆ ಬಂದ ಆರ್‌ಸಿಎ ಕಂಪನಿಯ ಮೊದಲ ಬಣ್ಣದ ಟೆಲಿವಿಷನ್‌ಗೆ 1,000 ಡಾಲರ್ ಬೆಲೆ. ಶಾಲಾ ಉಪಾಧ್ಯಾಯನೊಬ್ಬನ ಮೂರು ತಿಂಗಳ ಸಂಬಳ!

ನಿಜವಾಗಿ ಅಗ್ಗವಾಗಿದ್ದುದು ಮನೆ. ಎರಡನೆಯ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗಾಗಿ ಲೆವಿಟ್ ಎಂಬ ಕಟ್ಟಡ ಸಂಸ್ಥೆ ನ್ಯೂಯಾರ್ಕಿನ ಬಳಿ 1947ರಿಂದ ಸಾಲುಸಾಲಾಗಿ ಮನೆಗಳನ್ನು ಕಟ್ಟಿತು. ಕಾರ್ಖಾನೆಯಲ್ಲಿ ಕಾರು ಜೋಡಿಸುವಂತೆ, ಒಬ್ಬ ಬಡಗಿ ಬಾಗಿಲನ್ನಷ್ಟೇ ಕೂರಿಸುವುದು, ಇನ್ನೊಬ್ಬ ಬಣ್ಣವನ್ನಷ್ಟೇ ಬಳಿಯುವುದು ಎಂಬ ಕ್ರಮದಲ್ಲಿ ಕೆಲಸ ನಡೆಯಿತು. 1949ರಲ್ಲಿ ಅಲ್ಲಿ ಒಂದು ಮನೆಗೆ 7,990 ಡಾಲರ್. ಸರಕಾರ ಸೈನಿಕರ ಸಾಲಕ್ಕೆ ಖಾತರಿ ನಿಲ್ಲುತ್ತಿತ್ತು. ಎರಡೂವರೆ ವರ್ಷದ ಆದಾಯದಷ್ಟು ಬೆಲೆಗೆ ಹಿತ್ತಲು, ಅಂಗಳ, ಅಡಿಗೆಮನೆಯ ಯಂತ್ರಗಳ ಸಹಿತ ಸ್ವಂತ ಮನೆ! ಇಂದಿನ ನಮ್ಮ ಮಕ್ಕಳು ಬೆಂಗಳೂರಿನಲ್ಲಾಗಲಿ ನ್ಯೂಜೆರ್ಸಿಯಲ್ಲಾಗಲಿ ಕನಸಿನಲ್ಲಿಯೂ ಕಾಣದ ದರ ಅದು.

ಆದರೆ ಆ ಬಡಾವಣೆಯ ಆರಂಭದ ಕರಾರುಪತ್ರಗಳಲ್ಲಿ ಒಂದು ಷರತ್ತು ಇತ್ತು. ಬಿಳಿಯರಲ್ಲದವರು ಆ ಮನೆಗಳಲ್ಲಿ ವಾಸಿಸಕೂಡದು. ಮನೆಗೆಲಸದವರಾಗಿ ಮಾತ್ರ ಇರಬಹುದು. ಯುದ್ಧದಲ್ಲಿ ಹೋರಾಡಿ ಬಂದ ಕರಿಯ ಸೈನಿಕನ ಕೈಯಲ್ಲಿ ಅದೇ 7,990 ಡಾಲರ್ ಇದ್ದರೂ ಅವನಿಗೆ ಆ ಬೆಲೆ ಅನ್ವಯಿಸುತ್ತಿರಲಿಲ್ಲ. ಕನಿಷ್ಠ ಕೂಲಿಯ ಕಾನೂನಿಗೂ ಇಂತಹುದೇ ಒಂದು ಗೋಡೆ. ಮನೆಗೆಲಸ ಮಾಡುವವರೂ ಹೊಲದಲ್ಲಿ ದುಡಿಯುವವರೂ ಅದರ ಹೊರಗಿದ್ದರು. ಹೊಲದ ಕೂಲಿಗಳು ಭಾಗಶಃ ಅದರೊಳಗೆ ಬಂದುದು 1966ರ ತಿದ್ದುಪಡಿಯಿಂದ. ಮನೆಗೆಲಸದವರು ಬಂದುದು 1974ರ ತಿದ್ದುಪಡಿಯಿಂದ. ದಕ್ಷಿಣದ ರಾಜ್ಯಗಳಲ್ಲಿ ಕರಿಯ ಮಹಿಳೆಯರಿಗೆ ದೊರೆಯುತ್ತಿದ್ದ ಕೆಲಸ ಬಹುಮಟ್ಟಿಗೆ ಬಿಳಿಯರ ಮನೆಯ ಅಡಿಗೆ, ಬಟ್ಟೆ, ಮಕ್ಕಳ ಆರೈಕೆ. ಗಂಟೆಗೆ 75 ಸೆಂಟ್ ಎಂಬುದು ಅವರ ಪಾಲಿಗೆ ಪತ್ರಿಕೆಯಲ್ಲಿ ಓದುವ ಸುದ್ದಿಯಷ್ಟೇ.

ಮನೆಯೊಳಗಿನ ಪೆಟ್ಟಿಗೆ

ಆ ವರ್ಷಕ್ಕೆ ಅಮೆರಿಕದ ಮೂರು ಮನೆಗಳಲ್ಲಿ ಎರಡರಷ್ಟರಲ್ಲಿ ಟೆಲಿವಿಷನ್ ಇತ್ತು. ಐದು ವರ್ಷಗಳ ಹಿಂದೆ ಹತ್ತು ಮನೆಗಳಲ್ಲಿ ಒಂದರಲ್ಲಿಯೂ ಇರಲಿಲ್ಲವೆಂದರೆ ಆ ಪೆಟ್ಟಿಗೆಯ ವೇಗವನ್ನು ಊಹಿಸಿಕೊಳ್ಳಿ. ಅದರ ಮುಂದೆಯೇ ಕುಳಿತು ತಿನ್ನಲೆಂದು ಅಲ್ಯೂಮಿನಿಯಂ ತಟ್ಟೆಯಲ್ಲಿ ಹೆಪ್ಪುಗಟ್ಟಿಸಿದ ಸಿದ್ಧ ಊಟ ಬಂದಿತು. 'ಟಿವಿ ಡಿನ್ನರ್' ಎಂದು ಹೆಸರು, 98 ಸೆಂಟ್ ಬೆಲೆ. 'ಡೇವಿ ಕ್ರಾಕೆಟ್' ಎಂಬ ಗಡಿನಾಡ ವೀರನ ಕಥೆಯನ್ನು ಡಿಸ್ನಿ ಸಂಸ್ಥೆ ತೋರಿಸಿದ್ದೇ ತಡ, ಹುಡುಗರೆಲ್ಲರಿಗೂ ಅವನಂತೆ ಬಾಲವುಳ್ಳ ತುಪ್ಪಳದ ಟೋಪಿ ಬೇಕಾಯಿತು.

1955ರ ಜೂನ್ 7ರಂದು ಸಿಬಿಎಸ್ ವಾಹಿನಿಯಲ್ಲಿ '64,000 ಡಾಲರಿನ ಪ್ರಶ್ನೆ' ಎಂಬ ರಸಪ್ರಶ್ನೆ ಕಾರ್ಯಕ್ರಮ ಆರಂಭವಾಯಿತು. ಸರಿಯುತ್ತರ ಕೊಟ್ಟ ಹಾಗೆಲ್ಲ ಬಹುಮಾನದ ಹಣ ಇಮ್ಮಡಿಸುತ್ತ ಹೋಗುವ ಆಟ. ನಾಡಿಗೆ ನಾಡೇ ಅದರ ಮುಂದೆ ಕುಳಿತಿತು. ಅದರ ಯಶಸ್ಸನ್ನು ಕಂಡು ಅಂತಹ ಅನೇಕ ಕಾರ್ಯಕ್ರಮಗಳು ಹುಟ್ಟಿಕೊಂಡವು. ಕೆಲವು ಸ್ಪರ್ಧಿಗಳಿಗೆ ಉತ್ತರಗಳನ್ನು ಮೊದಲೇ ತಿಳಿಸಲಾಗಿತ್ತೆಂಬ ಹಗರಣ 1958-59ರಲ್ಲಿ ಬಯಲಾಯಿತು. 'ಟ್ವೆಂಟಿ ಒನ್' ಎಂಬ ಕಾರ್ಯಕ್ರಮದಲ್ಲಿ ಗೆದ್ದು ಮನೆಮಾತಾಗಿದ್ದ ಕೊಲಂಬಿಯಾ ವಿಶ್ವವಿದ್ಯಾಲಯದ ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರೆನ್ 1959ರ ನವೆಂಬರ್‌ನಲ್ಲಿ ಸಂಸತ್ತಿನ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡರು. ಅಧ್ಯಾಪಕನೊಬ್ಬ ಪ್ರಶ್ನಪತ್ರಿಕೆಯನ್ನು ಮೊದಲೇ ನೋಡಿ ಪರೀಕ್ಷೆಗೆ ಕುಳಿತದ್ದು ಆ ಜನರಿಗೆ ಬಹಳ ನೋವು ಕೊಟ್ಟಿತು.

ಮಕ್ಕಳ ಬಗೆಗಿನ ಆತಂಕವೂ ಆ ವರ್ಷವೇ ದೊಡ್ಡ ದನಿಯಲ್ಲಿ ಕೇಳಿಬಂದಿತು. 'ಬ್ಲ್ಯಾಕ್‌ಬೋರ್ಡ್ ಜಂಗಲ್' ಎಂಬ ಚಲನಚಿತ್ರ ತೆರೆಗೆ ಬಂದಿತು. ಪುಂಡ ಹುಡುಗರ ಶಾಲೆಗೆ ಹೊಸದಾಗಿ ಬಂದ ಉಪಾಧ್ಯಾಯನ ಕಥೆ ಅದು. ಚಿತ್ರದ ಆರಂಭದಲ್ಲಿ ಬಿಲ್ ಹೇಲಿಯ ತಂಡದ 'ರಾಕ್ ಅರೌಂಡ್ ದ ಕ್ಲಾಕ್' ಹಾಡು ಮೊಳಗುತ್ತಿತ್ತು. ಅದಕ್ಕೆ ಮೊದಲು ಹೆಚ್ಚು ಜನ ಗಮನಿಸದೆ ಬಿಟ್ಟಿದ್ದ ಆ ಹಾಡು ಜುಲೈ ತಿಂಗಳಲ್ಲಿ ಮಾರಾಟದ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಸೆಪ್ಟೆಂಬರ್ 30ರಂದು ನಟ ಜೇಮ್ಸ್ ಡೀನ್ 24ನೆಯ ವಯಸ್ಸಿಗೇ ಕಾರು ಅಪಘಾತದಲ್ಲಿ ಮಡಿದನು. ಮರುವರ್ಷ ಎಲ್ವಿಸ್ ಪ್ರೆಸ್ಲಿ ಎಡ್ ಸಲಿವನ್‌ರ ಕಾರ್ಯಕ್ರಮದಲ್ಲಿ ಹಾಡಿದಾಗ ಸುಮಾರು ಆರು ಕೋಟಿ ಜನ ನೋಡಿದರೆಂದು ಲೆಕ್ಕ. "ಹುಡುಗರು ಕೆಟ್ಟುಹೋಗುತ್ತಿದ್ದಾರೆ" ಎಂದು ಹಿರಿಯರು ಹೇಳಿದರು. ಹಾಗೆ ಹೇಳದ ಹಿರಿಯರ ತಲೆಮಾರನ್ನು ನಾನಂತೂ ಇತಿಹಾಸದಲ್ಲಿ ಕಂಡಿಲ್ಲ.

ಡೈಮ್‌ಗಳ ದಂಡಯಾತ್ರೆ

ತಂದೆತಾಯಂದಿರ ನಿಜವಾದ ಭಯ ರಾಕ್ ಸಂಗೀತದ್ದಲ್ಲ, ಪೋಲಿಯೋದ್ದು. ಬೇಸಗೆ ಬಂದರೆ ಈಜುಕೊಳಗಳನ್ನು ಮುಚ್ಚುತ್ತಿದ್ದರು. ಮಕ್ಕಳನ್ನು ಸಿನಿಮಾಕ್ಕೆ ಕಳುಹಿಸುತ್ತಿರಲಿಲ್ಲ. 1952ರೊಂದರಲ್ಲಿಯೇ ಅಮೆರಿಕದಲ್ಲಿ ಸುಮಾರು 58,000 ಮಂದಿಗೆ ಆ ರೋಗ ತಗುಲಿತು.

ರೂಸ್‌ವೆಲ್ಟರಿಗೆ ತಮ್ಮ 39ನೆಯ ವಯಸ್ಸಿನಲ್ಲಿ ಕಾಲುಗಳ ಶಕ್ತಿ ಹೋಯಿತು. ಪೋಲಿಯೋ ಎಂದು ವೈದ್ಯರು ಗುರುತಿಸಿದರು. ಅವರು 1938ರಲ್ಲಿ ಆ ರೋಗದ ವಿರುದ್ಧ ಒಂದು ರಾಷ್ಟ್ರೀಯ ಪ್ರತಿಷ್ಠಾನವನ್ನು ಸ್ಥಾಪಿಸಿದರು. ಅದಕ್ಕಾಗಿ ಜನರು ಒಂದೊಂದು ಡೈಮ್ ಕಳುಹಿಸಬೇಕೆಂದು ಎಡ್ಡಿ ಕ್ಯಾಂಟರ್ ಎಂಬ ಹಾಸ್ಯನಟ ರೇಡಿಯೋದಲ್ಲಿ ಕರೆಕೊಟ್ಟನು. 'ಮಾರ್ಚ್ ಆಫ್ ಡೈಮ್ಸ್' ಎಂದು ಅದಕ್ಕೆ ಹೆಸರಿಟ್ಟವನೂ ಅವನೇ. ಶ್ವೇತಭವನಕ್ಕೆ ಲಕ್ಷಗಟ್ಟಲೆ ನಾಣ್ಯಗಳು ಅಂಚೆಯಲ್ಲಿ ಬಂದು ಬಿದ್ದವು. ರೂಸ್‌ವೆಲ್ಟರು ತೀರಿಕೊಂಡ ಮೇಲೆ ಡೈಮ್‌ನ ಮೇಲೆಯೇ ಅವರ ಚಿತ್ರ ಬಂದುದಕ್ಕೆ ಕಾರಣ ಇದು.

ಆ ಹಣದಿಂದ ಪಿಟ್ಸ್‌ಬರ್ಗಿನಲ್ಲಿ ಜೋನಾಸ್ ಸಾಕ್ ಲಸಿಕೆಯನ್ನು ಸಿದ್ಧಪಡಿಸಿದರು. 1954ರಲ್ಲಿ ಸುಮಾರು 18 ಲಕ್ಷ ಶಾಲಾ ಮಕ್ಕಳು ಅದರ ಪ್ರಯೋಗದಲ್ಲಿ ಭಾಗವಹಿಸಿದರು. ಕೆಲವರಿಗೆ ಲಸಿಕೆ, ಕೆಲವರಿಗೆ ಬರಿಯ ನೀರಿನಂತಹ ದ್ರವ; ಇನ್ನು ಕೆಲವರನ್ನು ಏನೂ ಕೊಡದೆ ಗಮನಿಸಲಾಯಿತು. ಫಲಿತಾಂಶ ಹೊರಬಿದ್ದುದು 1955ರ ಏಪ್ರಿಲ್ 12ರಂದು, ರೂಸ್‌ವೆಲ್ಟರು ತೀರಿಕೊಂಡು ಸರಿಯಾಗಿ ಹತ್ತು ವರ್ಷಕ್ಕೆ. ಲಸಿಕೆ ಸುರಕ್ಷಿತ, ಪರಿಣಾಮಕಾರಿ ಎಂದು ಸಾರಿದಾಗ ಚರ್ಚುಗಳ ಗಂಟೆಗಳು ಮೊಳಗಿದವು. ಅದರ ಹಕ್ಕುಸ್ವಾಮ್ಯ ಯಾರದೆಂದು ಟೆಲಿವಿಷನ್‌ನಲ್ಲಿ ಕೇಳಿದಾಗ, ಅದು ಜನರದು, ಸೂರ್ಯನಿಗೆ ಯಾರಾದರೂ ಹಕ್ಕುಪತ್ರ ಪಡೆಯಲಾದೀತೇ ಎಂಬರ್ಥದ ಉತ್ತರವನ್ನು ಸಾಕ್ ಕೊಟ್ಟರು.

ಎರಡೇ ವಾರದಲ್ಲಿ ಆಘಾತವೂ ಒದಗಿತು. ಕಟರ್ ಎಂಬ ತಯಾರಕರ ಕೆಲವು ತಂಡಗಳ ಲಸಿಕೆಯಲ್ಲಿ ಜೀವಂತ ವೈರಾಣು ಉಳಿದುಬಿಟ್ಟಿತ್ತು. ಸುಮಾರು 200 ಮಂದಿಯ ಅಂಗಾಂಗಗಳು ಸ್ವಾಧೀನ ತಪ್ಪಿದವು. ಹತ್ತು ಮಂದಿ ಸತ್ತರು. ಮೇ ತಿಂಗಳಲ್ಲಿ ಲಸಿಕೆ ಹಾಕುವುದನ್ನು ನಿಲ್ಲಿಸಿ, ತಪಾಸಣೆಯ ನಿಯಮಗಳನ್ನು ಬಿಗಿಗೊಳಿಸಿ ಮತ್ತೆ ಆರಂಭಿಸಿದರು. ಇಷ್ಟಾದರೂ ಜನ ಮಕ್ಕಳನ್ನು ಕರೆತಂದರು. 1957ರ ವೇಳೆಗೆ ರೋಗಿಗಳ ಸಂಖ್ಯೆ ಆರು ಸಾವಿರಕ್ಕಿಂತ ಕೆಳಗೆ ಇಳಿಯಿತು.

ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ಮಕ್ಕಳ ಬೆರಳಿಗೆ ಶಾಯಿಯ ಗುರುತು ಹಾಕುತ್ತ ಕುಳಿತ ಉಪಾಧ್ಯಾಯರಿಗೆ ಈ ಕಥೆಯ ಮಹತ್ವವನ್ನು ಬೇರೆ ಹೇಳಬೇಕಾಗಿಲ್ಲ. ನಾವು ಹಾಕಿಸಿದ ಹನಿಗಳು ಆಲ್ಬರ್ಟ್ ಸೇಬಿನ್‌ರು ಸಿದ್ಧಪಡಿಸಿದ ಬಗೆಯವು. ಭಾರತ ಪೋಲಿಯೋಮುಕ್ತವೆಂದು ಘೋಷಿತವಾದುದು 2014ರ ಮಾರ್ಚ್ 27ರಂದು.

ಒಂದು ಮಾತನ್ನು ಸೇರಿಸಬೇಕು. ಸಾಕ್ ಲಸಿಕೆಯ ಪ್ರಯೋಗದ ಫಲವನ್ನು ಅಳೆಯಲು ಪ್ರಯೋಗಾಲಯಗಳಿಗೆ ಅಪಾರ ಪ್ರಮಾಣದ ಜೀವಕೋಶಗಳು ಬೇಕಾಗಿದ್ದವು. ಅವನ್ನು ಬೆಳೆಸಿ ದೇಶಕ್ಕೆಲ್ಲ ಕಳುಹಿಸಿದುದು ಆಲಬಾಮಾ ರಾಜ್ಯದ ಟಸ್ಕೀಗಿ ಎಂಬ ಕರಿಯರ ವಿದ್ಯಾಸಂಸ್ಥೆ. ಕೆಲಸವನ್ನು ನಡೆಸಿದವರು ಕರಿಯ ವಿಜ್ಞಾನಿಗಳು. ಆ ಕೋಶಗಳ ಮೂಲ 1951ರಲ್ಲಿ ಬಾಲ್ಟಿಮೋರಿನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕರಿಯ ಮಹಿಳೆ. ಅವರ ಅನುಮತಿಯನ್ನು ಯಾರೂ ಕೇಳಿರಲಿಲ್ಲ. ದೇಶದ ಮಕ್ಕಳನ್ನೆಲ್ಲ ಉಳಿಸುವ ಕಾರ್ಯದಲ್ಲಿ ಪಾಲ್ಗೊಂಡ ಆ ವಿಜ್ಞಾನಿಗಳು ಟಸ್ಕೀಗಿಯಿಂದ ಅರವತ್ತೈದು ಕಿಲೋಮೀಟರಿನಷ್ಟು ದೂರದ ಮಾಂಟ್ಗೊಮರಿ ನಗರಕ್ಕೆ ಹೋಗಿ ಬಸ್ ಹತ್ತಿದರೆ ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಬೇಕಾಗಿತ್ತು.

ಬಸ್ಸಿನ ಡೈಮ್

ಮಾಂಟ್ಗೊಮರಿಯಲ್ಲಿ ಬಸ್ ದರ ಒಂದು ಡೈಮ್. ಕರಿಯರಿಗೂ ಅದೇ, ಬಿಳಿಯರಿಗೂ ಅದೇ. ಆ ಊರಿನಲ್ಲಿ ಇಬ್ಬರಿಗೂ ಸಮಾನವಾಗಿದ್ದುದು ಬಹುಶಃ ಅದೊಂದೇ. ಮುಂದಿನ ಹತ್ತು ಸೀಟುಗಳು ಬಿಳಿಯರಿಗೆ ಮೀಸಲು. ಅವು ತುಂಬಿದರೆ ಹಿಂದಿನವರೂ ಎದ್ದು ಜಾಗ ಬಿಡಬೇಕು. ಕರಿಯರು ಮುಂಬಾಗಿಲಲ್ಲಿ ಡೈಮ್ ಹಾಕಿ, ಕೆಳಗಿಳಿದು, ಹಿಂಬಾಗಿಲಿನಿಂದ ಹತ್ತಬೇಕೆಂದು ಚಾಲಕರು ಅನೇಕ ಸಲ ಒತ್ತಾಯಿಸುತ್ತಿದ್ದರು. ಹಾಗೆ ಇಳಿದವರು ಹತ್ತುವ ಮೊದಲೇ ಬಸ್ ಹೊರಟುಹೋಗುವುದೂ ಇತ್ತು. ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕರಿಯರೇ ಎಂಬುದನ್ನು ನೆನಪಿಡಿ.

1955ರ ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಎಂಬ 15 ವರ್ಷದ ಶಾಲಾ ಬಾಲಕಿ ಮನೆಗೆ ಹೋಗುವ ಬಸ್ಸಿನಲ್ಲಿ ಸೀಟು ಬಿಟ್ಟೇಳಲು ಒಪ್ಪಲಿಲ್ಲ. ಪೊಲೀಸರು ಆಕೆಯನ್ನು ಎಳೆದು ಇಳಿಸಿ ಕೈಕೋಳ ತೊಡಿಸಿ ಒಯ್ದರು. ಹಿಂದಿನ ತಿಂಗಳಷ್ಟೇ ಶಾಲೆಯಲ್ಲಿ ಆಕೆಯ ಉಪಾಧ್ಯಾಯರು ಕರಿಯರ ಇತಿಹಾಸವನ್ನೂ ಸಂವಿಧಾನದ ಹಕ್ಕುಗಳನ್ನೂ ಪಾಠ ಮಾಡಿದ್ದರು. ಗುಲಾಮಗಿರಿಯ ವಿರುದ್ಧ ಹೋರಾಡಿದ ಹ್ಯಾರಿಯೆಟ್ ಟಬ್‌ಮನ್ ಒಂದು ಭುಜವನ್ನೂ ಸೋಜರ್ನರ್ ಟ್ರೂತ್ ಇನ್ನೊಂದು ಭುಜವನ್ನೂ ಅದುಮಿ ಹಿಡಿದು ಕೂರಿಸಿದಂತಾಯಿತೆಂದು ಆಕೆ ಮುಂದೆ ಹೇಳಿಕೊಂಡರು.

ಆಗಸ್ಟ್ 28ರಂದು ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕರಿಯ ಬಾಲಕನ ಕೊಲೆಯಾಯಿತು. ರಜೆಗೆಂದು ಷಿಕಾಗೋದಿಂದ ನೆಂಟರ ಮನೆಗೆ ಬಂದಿದ್ದ ಹುಡುಗ. ಗುರುತು ಸಿಗದಂತಾಗಿದ್ದ ಮಗನ ದೇಹವನ್ನು ಅವನ ತಾಯಿ ಮುಚ್ಚದೆ ಪೆಟ್ಟಿಗೆಯಲ್ಲಿ ಜಗತ್ತಿಗೆ ತೋರಿಸಿದರು. ಬಿಳಿಯರೇ ತುಂಬಿದ್ದ ಪಂಚರ ಮಂಡಲಿ ಸುಮಾರು ಒಂದು ಗಂಟೆಯಲ್ಲಿ ಆರೋಪಿಗಳನ್ನು ಬಿಡುಗಡೆ ಮಾಡಿತು.

ಡಿಸೆಂಬರ್ 1ರ ಸಂಜೆ ದರ್ಜಿ ಕೆಲಸ ಮುಗಿಸಿ ಬಂದ ರೋಸಾ ಪಾರ್ಕ್ಸ್ ತಮ್ಮ ಡೈಮ್ ಹಾಕಿ ಕುಳಿತರು. ಏಳಲು ಹೇಳಿದಾಗ ಏಳಲಿಲ್ಲ. ಅವರಿಗೆ 42 ವರ್ಷ. ಕರಿಯರ ಹಕ್ಕುಗಳ ಸಂಘದ ಸ್ಥಳೀಯ ಕಾರ್ಯದರ್ಶಿಯಾಗಿ ಅನುಭವವಿದ್ದವರು. ದಣಿದ ಹೆಂಗಸು ಎದ್ದೇಳಲಾರದೆ ಕುಳಿತಳೆಂದು ಕಥೆ ಹೇಳುವುದುಂಟು; ಅದು ನಿಜವಲ್ಲ. ಕೆಲವೇ ದಿನಗಳ ಹಿಂದೆ ಎಮೆಟ್ ಟಿಲ್ ಕೊಲೆಯ ಕುರಿತ ಸಭೆಗೆ ಹೋಗಿ ಬಂದಿದ್ದವರು ಅವರು. ನ್ಯಾಯಾಲಯ ವಿಧಿಸಿದ ದಂಡ 10 ಡಾಲರ್, ಖರ್ಚು 4 ಡಾಲರ್.

ಆ ರಾತ್ರಿ ಜೋ ಆ್ಯನ್ ರಾಬಿನ್ಸನ್ ಎಂಬ ಕಾಲೇಜಿನ ಇಂಗ್ಲಿಷ್ ಅಧ್ಯಾಪಕಿ ತಮ್ಮ ಕಾಲೇಜಿಗೆ ಹೋಗಿ, ಸಹೋದ್ಯೋಗಿಯೊಬ್ಬರ ಹಾಗೂ ಇಬ್ಬರು ವಿದ್ಯಾರ್ಥಿಗಳ ನೆರವಿನಿಂದ ಬೆಳಗಾಗುವವರೆಗೆ ಹತ್ತಾರು ಸಾವಿರ ಕರಪತ್ರಗಳನ್ನು ಸೈಕ್ಲೋಸ್ಟೈಲ್ ಮಾಡಿದರು. ಸೋಮವಾರ ಯಾರೂ ಬಸ್ ಹತ್ತಬೇಡಿ ಎಂಬುದು ಅದರ ಸಾರ. ಡಿಸೆಂಬರ್ 5ರ ಸೋಮವಾರ ಬಸ್ಸುಗಳು ಖಾಲಿಯಾಗಿ ಓಡಿದವು. ಅಂದು ಸಂಜೆ ಚಳವಳಿಯ ಅಧ್ಯಕ್ಷರಾಗಿ ಆಯ್ಕೆಯಾದವರು 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್.

ಆ ಬಹಿಷ್ಕಾರ ನಡೆದುದು 381 ದಿನ. ಕರಿಯರ ಟ್ಯಾಕ್ಸಿಯವರು ಬಸ್ಸಿನ ದರಕ್ಕೇ, ಒಂದೇ ಡೈಮ್‌ಗೆ ಜನರನ್ನು ಕರೆದೊಯ್ದರು. ಕನಿಷ್ಠ 45 ಸೆಂಟ್ ಪಡೆಯಲೇಬೇಕೆಂದು ನಗರಾಡಳಿತ ಅದನ್ನು ತಡೆಯಿತು. ಆಗ ಜನರು ತಮ್ಮ ಸ್ವಂತ ಕಾರುಗಳ ಸರದಿ ಏರ್ಪಡಿಸಿದರು. ಸುಮಾರು 300 ವಾಹನಗಳು ಓಡಾಡಿದವು. ಉಳಿದವರು ನಡೆದರು. ಜಾರ್ಜಿಯಾ ಗಿಲ್ಮೋರ್ ಎಂಬ ಅಡಿಗೆಯವರು ಕೆಲವು ಮಹಿಳೆಯರನ್ನು ಕೂಡಿಸಿಕೊಂಡು ಕೇಕು, ಸ್ಯಾಂಡ್‌ವಿಚ್ಚು ಮಾರಿ ಬಂದ ಹಣವನ್ನು ಪೆಟ್ರೋಲಿಗೆಂದು ಕೊಟ್ಟರು. ಕೊಟ್ಟವರ ಹೆಸರು ತಿಳಿದರೆ ಕೆಲಸ ಹೋಗುವ ಭಯವಿದ್ದುದರಿಂದ ತಮ್ಮ ಗುಂಪಿಗೆ 'ಎಲ್ಲಿಯೂ ಇಲ್ಲದವರ ಸಂಘ' ಎಂಬರ್ಥದ ಹೆಸರಿಟ್ಟುಕೊಂಡರು. ಜನವರಿಯಲ್ಲಿ ಬಸ್ ಕಂಪನಿ ನಷ್ಟ ತುಂಬಲು ದರವನ್ನು 15 ಸೆಂಟಿಗೆ ಏರಿಸಿತು. ಜನವರಿ 30ರಂದು ಕಿಂಗ್‌ರ ಮನೆಗೆ ಬಾಂಬು ಬಿದ್ದಿತು. 1956ರ ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಬಸ್ಸಿನ ಪ್ರತ್ಯೇಕತೆ ಸಂವಿಧಾನಬಾಹಿರವೆಂಬ ತೀರ್ಪನ್ನು ಎತ್ತಿಹಿಡಿಯಿತು. ಆ ದಾವೆ ಹೂಡಿದ ನಾಲ್ವರು ಮಹಿಳೆಯರಲ್ಲಿ ಒಬ್ಬಾಕೆ ಆ ಬಾಲಕಿ ಕ್ಲಾಡೆಟ್ ಕಾಲ್ವಿನ್.

ನಮ್ಮ ಪಾಲು

ಬಹಿಷ್ಕಾರದ ಮೊದಲ ವಾರದಲ್ಲೇ ಆ ಊರಿನ ದಿನಪತ್ರಿಕೆಗೆ ಜೂಲಿಯೆಟ್ ಮಾರ್ಗನ್ ಎಂಬ ಬಿಳಿಯ ಗ್ರಂಥಪಾಲಕಿಯೊಬ್ಬರು ಪತ್ರ ಬರೆದು, ನಡೆಯುತ್ತಿರುವ ಈ ಜನರನ್ನು ನೋಡಿದರೆ ಗಾಂಧಿಯವರ ದಂಡಿಯಾತ್ರೆ ನೆನಪಾಗುತ್ತದೆ ಎಂಬ ಅಭಿಪ್ರಾಯ ಸೂಚಿಸಿದರು. ಅದು ಡಿಸೆಂಬರ್ 12ರಂದು ಪ್ರಕಟವಾಯಿತು. ಆ ಪತ್ರಕ್ಕಾಗಿ ಅವರು ತಮ್ಮವರಿಂದಲೇ ತೀವ್ರ ಕಿರುಕುಳ ಅನುಭವಿಸಿದರು. ಕಿಂಗ್ 1959ರಲ್ಲಿ ಒಂದು ತಿಂಗಳು ಭಾರತದಲ್ಲಿ ಸಂಚರಿಸಿದರು.

ಅಮೆರಿಕದಲ್ಲಿರುವ ನನ್ನ ವಿದ್ಯಾರ್ಥಿಗಳಿಗೆ ಇನ್ನೊಂದು ಸಂಗತಿ. 1946ರ ಕಾನೂನಿನಂತೆ ಆಗ ಭಾರತೀಯರಲ್ಲಿ ವರ್ಷಕ್ಕೆ 100 ಮಂದಿ ಮಾತ್ರ ಅಲ್ಲಿ ನೆಲೆಸಲು ಹೋಗಬಹುದಾಗಿತ್ತು. ಆ ಬಾಗಿಲು ಅಗಲವಾದುದು 1965ರ ವಲಸೆ ಕಾನೂನಿನಿಂದ. ಮಾಂಟ್ಗೊಮರಿಯಿಂದ ಆರಂಭವಾದ ಚಳವಳಿ ದೇಶದ ಮನಸ್ಸನ್ನು ಬದಲಿಸಿದ ಮೇಲೆ. ನೀವು ಇಂದು ಕುಳಿತಿರುವ ಕುರ್ಚಿಗೆ ಆ ನಡೆದವರ ಕಾಲುಗಳ ಋಣವಿದೆ. 1956ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಅಲ್ಲಿಗೆ ಹೋದ ನಮ್ಮ ಮೈಸೂರಿನ ಆರ್. ಕೆ. ನಾರಾಯಣ್ ಬರ್ಕ್‌ಲಿಯ ಹೋಟೆಲಿನಲ್ಲಿ ಕುಳಿತು 'ದ ಗೈಡ್' ಕಾದಂಬರಿಯನ್ನು ಬರೆದರು. ಅದೇ ನವೆಂಬರ್‌ನಲ್ಲಿ ಪಂಜಾಬಿನಲ್ಲಿ ಹುಟ್ಟಿದ ದಲೀಪ್ ಸಿಂಗ್ ಸೌಂಡ್ ಕ್ಯಾಲಿಫೋರ್ನಿಯಾದಿಂದ ಅಮೆರಿಕದ ಸಂಸತ್ತಿಗೆ ಆಯ್ಕೆಯಾದರು. ಆ ವರ್ಷವೇ ಪಿಎಲ್ 480 ಒಪ್ಪಂದಕ್ಕೆ ಸಹಿ ಬಿದ್ದು ಅಮೆರಿಕದ ಗೋಧಿ ನಮ್ಮಲ್ಲಿಗೆ ಹೊರಟಿತು. ನನ್ನ ಪ್ರಾಯದವರು ಶಾಲೆಯಲ್ಲಿ ಸಾಲಾಗಿ ಕುಳಿತು ತಿಂದ ಗೋಧಿನುಚ್ಚಿನ ಉಪ್ಪಿಟ್ಟಿನ ರುಚಿಯನ್ನು ಇನ್ನೂ ಮರೆತಿಲ್ಲ.

ಹಾಗಾದರೆ 1955 ಸುವರ್ಣಯುಗವೇ? ಒಂದು ವರ್ಷವನ್ನು ಹಾಗೆ ತೂಗಿ ಹೇಳಲು ನನ್ನಿಂದಾಗದು. ಮಕ್ಕಳ ಕಾಲುಗಳನ್ನು ಉಳಿಸಿದ ಡೈಮ್ ಅದೇ. ಹಿಂಬಾಗಿಲಿನಿಂದ ಹತ್ತಲು ಕೊಡಬೇಕಾಗಿದ್ದ ಡೈಮ್ ಸಹ ಅದೇ. ಇನ್ನು ಮುಂದೆ ಯಾರಾದರೂ ಹಳೆಯ ಬೆಲೆಗಳ ಪಟ್ಟಿ ಕಳುಹಿಸಿದರೆ, ಅದು ಅಮೆರಿಕದ್ದಾಗಿರಲಿ, ನಮ್ಮ ಊರಿನದೇ ಆಗಿರಲಿ, ಅಂದಿನ ಕೂಲಿ ಎಷ್ಟಿತ್ತೆಂದು ಕೇಳಿ. ಆ ಬೆಲೆಗೆ ಕೊಳ್ಳಲು ಅಂಗಡಿಯ ಒಳಗೆ ಬರಲು ಯಾರಿಗೆಲ್ಲ ಅವಕಾಶವಿತ್ತೆಂದೂ ಕೇಳಿ. ನಮ್ಮ ಹಳ್ಳಿಗಳ ಹೋಟೆಲುಗಳಲ್ಲಿ ಕೆಲವರಿಗೆ ಹೊರಗೆ ಬೇರೆ ಲೋಟ ಇಟ್ಟಿರುತ್ತಿದ್ದುದನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಕಾಫಿಯ ಬೆಲೆ ಎರಡೂ ಲೋಟಕ್ಕೆ ಒಂದೇ ಆಗಿತ್ತು.

ಕ್ಲಾಡೆಟ್ ಕಾಲ್ವಿನ್‌ರ ಮೇಲಿದ್ದ ಬಾಲಾಪರಾಧದ ದಾಖಲೆಯನ್ನು ನ್ಯಾಯಾಲಯ ಅಳಿಸಿಹಾಕಿದುದು 2021ರಲ್ಲಿ. ಆಗ ಅವರಿಗೆ 82 ವರ್ಷ. ಆ ಮಾರ್ಚ್ ತಿಂಗಳ ಮಧ್ಯಾಹ್ನ ಆಕೆಯನ್ನು ಸೀಟಿನಲ್ಲಿ ಕೂರಿಸಿದ್ದು ಶಾಲೆಯಲ್ಲಿ ಕೇಳಿದ ಪಾಠ. ಅಂಕಗಳಿಲ್ಲದ ಪಾಠವನ್ನು ಬಿಡದೆ ಹೇಳಿದ ಆ ಶಾಲೆಯ ಉಪಾಧ್ಯಾಯರಿಗೆ, ಇಷ್ಟು ದೂರದಿಂದ, ಇನ್ನೊಬ್ಬ ಉಪಾಧ್ಯಾಯನ ನಮಸ್ಕಾರಗಳು.